ಸ್ಪಿನ್ ಕ್ಯೂಬಿಟ್‌ನಲ್ಲಿ ಪಿಎಚ್‌ಡಿ ಮುಗಿಯುತ್ತಿದೆ: ಪೋಸ್ಟ್‌ಡಾಕ್ ಹಿಡಿಯಲೇ, ಕಂಪನಿ ಸೇರಲೇ?

ಬುಗುರಿ

ಎಲ್ಲರಿಗೂ ನಮಸ್ಕಾರ. ಸಿಲಿಕಾನ್ ಕ್ವಾಂಟಂ ಡಾಟ್‌ಗಳಲ್ಲಿ, ಅಂದರೆ ಒಂದೆರಡು ಎಲೆಕ್ಟ್ರಾನ್‌ಗಳನ್ನು ಕೂಡಿಹಾಕುವ ಪುಟ್ಟ ಜಾಗಗಳಲ್ಲಿ, ಎಲೆಕ್ಟ್ರಾನಿನ ಸ್ಪಿನ್ (ಅದು ಪುಟ್ಟ ಆಯಸ್ಕಾಂತದಂತೆ ವರ್ತಿಸುವ ಗುಣ) ಓದುವುದು ನನ್ನ ಪಿಎಚ್‌ಡಿ ಕೆಲಸ. ಆ ಸ್ಪಿನ್ನೇ ನಮ್ಮ ಕ್ಯೂಬಿಟ್, ಅಂದರೆ ಕ್ವಾಂಟಂ ಕಂಪ್ಯೂಟರಿನ ಮಾಹಿತಿಯ ಘಟಕ. ಐದನೆಯ ವರ್ಷ ನಡೆಯುತ್ತಿದೆ. ಮಹಾಪ್ರಬಂಧದ ಎರಡು ಅಧ್ಯಾಯ ಕಾಗದದ ಮೇಲಿವೆ, ಉಳಿದವು ತಲೆಯಲ್ಲಿವೆ.

ಕೈಯಲ್ಲಿ ಎರಡು ಅವಕಾಶಗಳಿವೆ. ಒಂದು, ಹೆಚ್ಚುಕಡಿಮೆ ಇದೇ ಬಗೆಯ ಸಾಧನಗಳ ಮೇಲೆ ಕೆಲಸ ಮಾಡುವ ಇನ್ನೊಂದು ಗುಂಪಿನಲ್ಲಿ ಎರಡು ವರ್ಷದ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ. ಇನ್ನೊಂದು, ಅತಿವಾಹಕ (ತಡೆಯಿಲ್ಲದೆ ವಿದ್ಯುತ್ ಹರಿಯುವ ಸರ್ಕ್ಯೂಟಿನ) ಕ್ಯೂಬಿಟ್ ತಯಾರಿಸುವ ಕಂಪನಿಯಲ್ಲಿ ಮಾಪನ ಎಂಜಿನಿಯರ್ ಹುದ್ದೆ. ಸಂಬಳದಲ್ಲಿ ಅಜಗಜಾಂತರ ಇದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಮಾರ್ಗದರ್ಶಕರು "ಒಮ್ಮೆ ಹೊರಗೆ ಹೋದರೆ ಬಾಗಿಲು ಮುಚ್ಚಿತು ಎಂದೇ ತಿಳಿ" ಎನ್ನುತ್ತಾರೆ. ಪ್ರಯೋಗಾಲಯದ ಹಿರಿಯರೊಬ್ಬರು "ಆ ಬಾಗಿಲ ಒಳಗೆ ಏನಿದೆ ಎಂದು ಮೊದಲು ನೋಡಿಕೊ" ಎನ್ನುತ್ತಾರೆ.

ನನ್ನ ಬಂಡವಾಳ ಇಷ್ಟು: ಮೂರು ಪ್ರಬಂಧ. ಎರಡರಲ್ಲಿ ನನ್ನ ಹೆಸರು ನಡುವೆಲ್ಲೋ ಇದೆ. ಒಂದರಲ್ಲಿ ಮೊದಲ ಹೆಸರು, ಅದು ಹನ್ನೊಂದು ತಿಂಗಳಿಂದ ವಿಮರ್ಶಕರ ಬಳಿ ಕುಳಿತಿದೆ. ಐದು ವರ್ಷಕ್ಕೆ ಇಷ್ಟೇನಾ ಎಂದು ಕೇಳುವವರಿಗೆ ಒಂದು ರಾತ್ರಿಯ ಕಥೆ ಹೇಳುತ್ತೇನೆ. ನಾಲ್ಕು ದಿನ ಗೇಟ್‌ಗಳ, ಅಂದರೆ ಎಲೆಕ್ಟ್ರಾನನ್ನು ಹಿಡಿದಿಡುವ ಲೋಹದ ಪಟ್ಟಿಗಳ, ವೋಲ್ಟೇಜುಗಳನ್ನು ಮಿಲಿವೋಲ್ಟಿನ ಲೆಕ್ಕದಲ್ಲಿ ಸರಿಹೊಂದಿಸಿ, ಎರಡು ಡಾಟ್‌ಗಳಲ್ಲಿ ಒಂದೊಂದೇ ಎಲೆಕ್ಟ್ರಾನ್ ಕೂರಿಸಿದ್ದೆ. ಪರದೆಯ ಮೇಲೆ ಜೇನುಗೂಡಿನಂಥ ಚಿತ್ರ ಸ್ಪಷ್ಟವಾಗಿ ನಿಂತಿತ್ತು. ನೀರು ಕುಡಿದು ಬರುವಷ್ಟರಲ್ಲಿ ಇಡೀ ಚಿತ್ರ ಓರೆಯಾಗಿ ಜರುಗಿತ್ತು. ಆಕ್ಸೈಡ್ ಪದರದಲ್ಲಿ ಎಲ್ಲೋ ಒಂದು ವಿದ್ಯುದಂಶ ಜಾಗ ಬದಲಿಸಿತ್ತು, ಅಷ್ಟೇ. ಮತ್ತೆ ಮೊದಲಿಂದ. ಇನ್ನೊಂದು ಸಲ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಳ್ಳದೆ ಮಾದರಿಯನ್ನು ಮುಟ್ಟಿ, ಮೂರು ತಿಂಗಳು ಕಾದು ತರಿಸಿದ ಚಿಪ್‌ನ ಗೇಟನ್ನು ಸುಟ್ಟುಹಾಕಿದೆ. ಅದು ಯಾವ ಪ್ರಬಂಧದಲ್ಲೂ ಬರುವುದಿಲ್ಲ.

ಕಂಪನಿಗೆ ಹೋದವರು ವಿಶ್ವವಿದ್ಯಾಲಯಕ್ಕೆ ಮರಳಿದ್ದುಂಟೇ? ಸ್ಪಿನ್ ಬಿಟ್ಟು ಅತಿವಾಹಕ ಹಿಡಿದರೆ ಈ ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ? ನಡುವಿನ ಹೆಸರನ್ನು ನೇಮಕಾತಿ ಸಮಿತಿಯವರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆಯೇ? ಅನುಭವ ಇರುವವರು ಹೇಳಿ.

ಹೀಲಿಯಂ ಮೂರು

ಬುಗುರಿ ಅವರೇ, ನಾನು ಒಂದು ಸಣ್ಣ ಪ್ರಯೋಗಾಲಯ ನಡೆಸುತ್ತೇನೆ. ನೇಮಕಾತಿ ಸಮಿತಿಗಳಲ್ಲಿ ಮೇಜಿನ ಎರಡೂ ಬದಿ ಕುಳಿತಿದ್ದೇನೆ.

ನಡುವಿನ ಹೆಸರಿನಿಂದಲೇ ಶುರು ಮಾಡುತ್ತೇನೆ. ಪ್ರಯೋಗ ಭೌತವಿಜ್ಞಾನದಲ್ಲಿ ಮೊದಲ ಹೆಸರು ದುಡಿದವರದು, ಕೊನೆಯದು ಗುಂಪಿನ ಮುಖ್ಯಸ್ಥರದು. ನಡುವೆ ಇರುವವರು ಏನು ಮಾಡಿದರು ಎನ್ನುವುದು ಶಿಫಾರಸು ಪತ್ರದಲ್ಲಿ ಮಾತ್ರ ಗೊತ್ತಾಗುತ್ತದೆ. ಪತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದ್ದರೆ ಹತ್ತು ಪ್ರಬಂಧವಿದ್ದರೂ ಕೆಲಸಕ್ಕೆ ಬಾರದು. "ಈ ಮಾಪನ ಸರ್ಕ್ಯೂಟನ್ನು ಇವರೇ ಕಟ್ಟಿದರು, ಇವರು ಹೋದ ಮೇಲೆ ಆರು ತಿಂಗಳು ನಾವು ಪರದಾಡಿದೆವು" ಎಂಬ ಒಂದು ವಾಕ್ಯ ಇದ್ದರೆ ನಾನು ಪ್ರಬಂಧಗಳ ಪಟ್ಟಿಯನ್ನು ಪಕ್ಕಕ್ಕಿಡುತ್ತೇನೆ. ಏಕೆಂದರೆ ಸಮಿತಿಯಲ್ಲಿ ಕುಳಿತವರ ಮನಸ್ಸಿನಲ್ಲಿ ಓಡುವ ಪ್ರಶ್ನೆ ಒಂದೇ: ಇವರಿಗೆ ಖಾಲಿ ಕೋಣೆ ಕೊಟ್ಟರೆ ಮೂರು ವರ್ಷದಲ್ಲಿ ಅಲ್ಲಿಂದ ಒಂದು ಅಳತೆ ಹೊರಬರುತ್ತದೆಯೇ?

ಈಗ ಸ್ಪಿನ್ ಬಿಡುವ ವಿಚಾರ. ಲೀವೆನ್ ವಾಂಡರ್‌ಸೈಪೆನ್ ಅವರ ದಾರಿಯನ್ನು ನೋಡಿ. ಪಿಎಚ್‌ಡಿ ಮಾಡುತ್ತಿದ್ದಾಗ ಅವರು ಐಬಿಎಂನ ಆಲ್ಮಡೆನ್ ಪ್ರಯೋಗಾಲಯದಲ್ಲಿ ದ್ರವದ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ನ್ಯೂಕ್ಲಿಯಸ್‌ಗಳ ಸ್ಪಿನ್ ಅಳೆಯುವ ವಿಧಾನ) ಮೇಲೆ ಕೆಲಸ ಮಾಡಿದರು. ಒಂದೇ ಅಣುವಿನಲ್ಲಿರುವ ಐದು ಫ್ಲೋರಿನ್ ಮತ್ತು ಎರಡು ಕಾರ್ಬನ್-13 ನ್ಯೂಕ್ಲಿಯಸ್‌ಗಳೇ ಏಳು ಕ್ಯೂಬಿಟ್‌ಗಳು. ಅವುಗಳ ಮೇಲೆ ಶೋರ್ ಅಲ್ಗಾರಿದಂ ನಡೆಸಿ 15ನ್ನು 3 ಮತ್ತು 5 ಎಂದು ಒಡೆದದ್ದು 2001ರಲ್ಲಿ. ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆದರೆ ಆ ದಾರಿ ಮುಂದೆ ಹೋಗದು ಎಂಬುದು ಕ್ಷೇತ್ರದವರಿಗೆಲ್ಲ ಗೊತ್ತಿತ್ತು. ಅಣು ದೊಡ್ಡದಾದಂತೆ ಸಂಕೇತ ಕುಗ್ಗುತ್ತ ಹೋಗುತ್ತದೆ. ಅವರು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ಗೆ ಹೋಗಿ ಕ್ವಾಂಟಂ ಡಾಟ್ ಹಿಡಿದರು. 2006ರಲ್ಲಿ ಅಲ್ಲಿನ ಗುಂಪು ಡಾಟ್‌ನೊಳಗಿನ ಒಂಟಿ ಎಲೆಕ್ಟ್ರಾನಿನ ಸ್ಪಿನ್ನನ್ನು ಬೇಕಾದಂತೆ ತಿರುಗಿಸಿ ತೋರಿಸಿತು. 2022ರ ಜನವರಿಯಲ್ಲಿ ಡೆಲ್ಫ್ಟ್, ಜಪಾನಿನ ರಿಕೆನ್, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಮೂರೂ ಕಡೆಯವರು ಸಿಲಿಕಾನ್‌ನಲ್ಲಿ ಎರಡು ಕ್ಯೂಬಿಟ್ ಗೇಟಿನ (ಇಲ್ಲಿ ಗೇಟ್ ಎಂದರೆ ಕ್ಯೂಬಿಟ್‌ಗಳ ಮೇಲೆ ನಡೆಸುವ ಲೆಕ್ಕದ ಒಂದು ಹೆಜ್ಜೆ) ನಿಖರತೆ ಶೇ 99 ದಾಟಿದ್ದನ್ನು ಒಟ್ಟಿಗೇ ಪ್ರಕಟಿಸಿದರು.

ಎನ್‌ಎಂಆರ್ ಕಾಲದ ಅವರ ವರ್ಷಗಳು ವ್ಯರ್ಥವಾದವೇ? ಪಲ್ಸ್ ರೂಪಿಸುವುದು, ತಿರುಗುವ ಚೌಕಟ್ಟಿನಲ್ಲಿ ಯೋಚಿಸುವುದು, ದೋಷ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವುದು ಎರಡೂ ಕಡೆ ಒಂದೇ. 1950ರಲ್ಲಿ ಎರ್ವಿನ್ ಹಾನ್ ಪ್ರಕಟಿಸಿದ ಸ್ಪಿನ್ ಪ್ರತಿಧ್ವನಿಯನ್ನು (ತಾಳ ತಪ್ಪಿದ ಸ್ಪಿನ್‌ಗಳನ್ನು ಪಲ್ಸ್‌ನಿಂದ ಮತ್ತೆ ತಾಳಕ್ಕೆ ತರುವ ತಂತ್ರ) ನೀವೂ ವಾರಕ್ಕೆ ಹತ್ತು ಸಲ ಓಡಿಸುತ್ತೀರಿ, ಅತಿವಾಹಕದವರೂ ಓಡಿಸುತ್ತಾರೆ. ಎರಡೂ ಕಡೆ ಮೈಕ್ರೋವೇವ್, ಎರಡೂ ಕಡೆ ನಿರಪೇಕ್ಷ ಶೂನ್ಯದ ಹತ್ತಿರದ ಮಿಲಿಕೆಲ್ವಿನ್ ಚಳಿ, ಎರಡೂ ಕಡೆ ಆ ಚಳಿ ಕೊಡುವ ಅದೇ ಡೈಲ್ಯೂಷನ್ ಫ್ರಿಜ್, ಅದೇ ಸೋರಿಕೆ, ಅದೇ ಶಾಪ. ನಿಮ್ಮ ಚಿಪ್‌ನ ಹೆಸರು ಬದಲಾಗುತ್ತದೆ, ಕೈ ಬದಲಾಗುವುದಿಲ್ಲ.

ಅಕಾರಾದಿ

ಹೆಸರಿನ ಕ್ರಮದ ವಿಷಯ ಬಂದದ್ದು ಒಳ್ಳೆಯದಾಯಿತು, ನನ್ನ ಅಡ್ಡಹೆಸರಿನ ಕಾರಣವೂ ಅದೇ.

ನಾನು ಕ್ವಾಂಟಂ ಅಲ್ಗಾರಿದಂ ಮತ್ತು ದೋಷ ತಿದ್ದುವ ಸಂಕೇತಗಳ ಸೈದ್ಧಾಂತಿಕ ಕೆಲಸ ಮಾಡುತ್ತೇನೆ. ಸೈದ್ಧಾಂತಿಕ ಗಣಕವಿಜ್ಞಾನದಲ್ಲಿ ಲೇಖಕರ ಹೆಸರುಗಳು ಅಕಾರಾದಿಯಾಗಿ ಬರುತ್ತವೆ. ಯಾರು ಹೆಚ್ಚು ದುಡಿದರು ಎಂಬ ಸೂಚನೆಯೇ ಅದರಲ್ಲಿ ಇರುವುದಿಲ್ಲ. ನನ್ನ ಹೆಸರು ವರ್ಣಮಾಲೆಯ ಕೊನೆಯ ಕಡೆಯದು. ಭೌತವಿಜ್ಞಾನ ವಿಭಾಗವೊಂದರಲ್ಲಿ ಸಂದರ್ಶನಕ್ಕೆ ಹೋಗಿದ್ದಾಗ ಹಿರಿಯರೊಬ್ಬರು ನನ್ನ ಪಟ್ಟಿಯನ್ನು ಬೆರಳಿನಲ್ಲಿ ಸವರಿಕೊಂಡು ಹೋಗಿ, "ಒಂದರಲ್ಲೂ ನೀವು ಮೊದಲ ಲೇಖಕರಲ್ಲವಲ್ಲ" ಎಂದು ನಿಜವಾದ ಕನಿಕರದಿಂದ ಕೇಳಿದರು. ಮರುವರ್ಷ ಗಣಕವಿಜ್ಞಾನ ವಿಭಾಗದವರು ಅದೇ ಪಟ್ಟಿ ನೋಡಿ, "ಜರ್ನಲ್‌ಗಳೇ ತುಂಬಿವೆ, ದೊಡ್ಡ ಸಮ್ಮೇಳನಗಳು ಎಲ್ಲಿ?" ಎಂದರು. ಅಲ್ಲಿ ವರ್ಷಕ್ಕೆರಡು ದೊಡ್ಡ ಸಮ್ಮೇಳನದ ಪ್ರಬಂಧಕ್ಕೆ ಇರುವ ಮರ್ಯಾದೆ ಯಾವ ಜರ್ನಲ್‌ಗೂ ಇಲ್ಲ. ಇತ್ತ ಭೌತವಿಜ್ಞಾನಿಗಳಿಗೆ ಸಮ್ಮೇಳನ ಎಂದರೆ ಹತ್ತು ನಿಮಿಷದ ಭಾಷಣ, ಹೆಗಲಿಗೊಂದು ಚೀಲ. ಎರಡು ಮನೆಯ ನೆಂಟ ಉಪವಾಸ ಸತ್ತ ಎನ್ನುವ ಗಾದೆ ಕ್ವಾಂಟಂ ಕಂಪ್ಯೂಟಿಂಗ್‌ನವರಿಗೇ ಮಾಡಿಸಿದಂತಿದೆ.

ಅಂದಿನಿಂದ ನನ್ನ ಪಟ್ಟಿಯ ಪ್ರತಿ ಪ್ರಬಂಧದ ಕೆಳಗೂ ಒಂದು ಸಾಲು ಬರೆಯುತ್ತೇನೆ: "ಮುಖ್ಯ ಪ್ರಮೇಯದ ಸಾಧನೆ ನನ್ನದು", "ಕೆಳಮಿತಿಯ ಭಾಗ ಮಾತ್ರ ನನ್ನದು" ಎಂದು. ನಡುವಿನ ಹೆಸರಿನ ಎರಡು ಪ್ರಬಂಧಗಳಿಗೆ ನೀವೂ ಹಾಗೆಯೇ ಬರೆಯಿರಿ. ಜಂಬ ಎಂದು ಯಾರೂ ಭಾವಿಸುವುದಿಲ್ಲ, ಸಹಲೇಖಕರಿಗೆ ಒಮ್ಮೆ ತೋರಿಸಿದರೆ ಸಾಕು.

ಇನ್ನೊಂದು ಮಾತು. 1975ರಲ್ಲಿ ತರುಣ ಅಲೆನ್ ಆಸ್ಪೆ ಜಿನೀವಾಕ್ಕೆ ಹೋಗಿ, ಬೆಲ್ ಅಸಮಾನತೆಯ (ದೂರದ ಕಣಗಳ ನಡುವಿನ ಕ್ವಾಂಟಂ ನಂಟನ್ನು ಪರೀಕ್ಷಿಸುವ ಸೂತ್ರದ) ಹೊಸ ಪ್ರಯೋಗದ ಯೋಜನೆಯನ್ನು ಜಾನ್ ಬೆಲ್ ಮುಂದೆ ಇಟ್ಟರು. ಬೆಲ್ ಅವರ ಮೊದಲ ಪ್ರಶ್ನೆ ಭೌತವಿಜ್ಞಾನದ್ದಾಗಿರಲಿಲ್ಲ. ನಿಮಗೆ ಕಾಯಂ ಹುದ್ದೆ ಇದೆಯೇ ಎಂದು ಕೇಳಿದರು. ಆಸ್ಪೆಗೆ ಇತ್ತು, ಬಚಾವಾದರು. ಅವರಿಗಿಂತ ಮುಂಚೆ, 1972ರಲ್ಲಿ, ಸ್ಟುವರ್ಟ್ ಫ್ರೀಡ್‌ಮನ್ ಜೊತೆ ಬರ್ಕ್ಲಿಯಲ್ಲಿ ಆ ಬಗೆಯ ಮೊದಲ ಪ್ರಯೋಗ ಮಾಡಿದ್ದ ಜಾನ್ ಕ್ಲೌಸರ್‌ಗೆ ಪ್ರಾಧ್ಯಾಪಕ ಹುದ್ದೆ ಸಿಗಲೇ ಇಲ್ಲ. ಐವತ್ತು ವರ್ಷದ ಮೇಲೆ, 2022ರಲ್ಲಿ, ಕ್ಲೌಸರ್, ಆಸ್ಪೆ, ಝೈಲಿಂಗರ್ ಮೂವರಿಗೂ ನೊಬೆಲ್ ಬಂತು. ಫ್ರೀಡ್‌ಮನ್ 2012ರಲ್ಲೇ ತೀರಿಹೋಗಿದ್ದರು. ಇಂದು ಅದೇ ವಿಷಯವನ್ನು ಅರ್ಜಿಯಲ್ಲಿ ಬರೆದರೆ ಅನುದಾನ ಬರುತ್ತದೆ. ಹುದ್ದೆಯ ಗಡಿಯಾರ ಬೇರೆ, ವಿಷಯದ ಗಡಿಯಾರ ಬೇರೆ.

ಬುಗುರಿ

ಇಬ್ಬರಿಗೂ ಧನ್ಯವಾದ. ಒಂದು ಸಾಲಿನ ಉಪಾಯವನ್ನು ಇವತ್ತೇ ಮಾಡಿದೆ. ಒಂದು ಪ್ರಬಂಧದ ಕೆಳಗೆ ಬರೆಯಲು ಹೊರಟರೆ ನನ್ನ ಪಾಲು ಏನು ಎಂದು ನನಗೇ ಐದು ನಿಮಿಷ ಹೊಳೆಯಲಿಲ್ಲ. ಕೊನೆಗೆ "ಫಿಲ್ಟರ್ ಪೆಟ್ಟಿಗೆ ಕಟ್ಟಿದ್ದು, ಎಲೆಕ್ಟ್ರಾನ್ ತಾಪ ಇಳಿಸಿದ್ದು" ಎಂದು ಬರೆದೆ. ಕಂಪನಿಯ ಒಳಗಿದ್ದವರು ಯಾರಾದರೂ ಇದ್ದೀರಾ?

ಹೊರಬಾಗಿಲು

ಇದ್ದೇನೆ. ಪೋಸ್ಟ್‌ಡಾಕ್ ನಡುವೆ ಬಿಟ್ಟು ಕಂಪನಿಗೆ ಹೋದೆ, ನಾಲ್ಕು ವರ್ಷ ಇದ್ದೆ, ಈಗ ಮತ್ತೆ ವಿಶ್ವವಿದ್ಯಾಲಯದಲ್ಲಿದ್ದೇನೆ. ಬಾಗಿಲು ಮುಚ್ಚುವುದಿಲ್ಲ, ಆದರೆ ಹೊರಗಿನಿಂದ ಚಿಲಕ ಇರುವುದಿಲ್ಲ. ಒಳಗಿನವರು ಯಾರಾದರೂ ತೆರೆಯಬೇಕು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಪಿಎಚ್‌ಡಿಯಲ್ಲಿ ನಾನೇ ಚಿಪ್ ಕೊರೆದು, ನಾನೇ ತಂತಿ ಬೆಸೆದು, ನಾನೇ ಪಂಪಿನ ಎಣ್ಣೆ ಬದಲಿಸುತ್ತಿದ್ದೆ. ಕಂಪನಿಯಲ್ಲಿ ಸೋಮವಾರ ಕೇಳಿದ ಕೇಬಲ್ ಗುರುವಾರ ಬರುತ್ತಿತ್ತು. ಅಳತೆಯ ಕೋಡ್ ಬರೆದರೆ ಇನ್ನೊಬ್ಬರು ಓದಿ ತಪ್ಪು ತೋರಿಸುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ನನ್ನ ಕೋಡನ್ನು ನಾನಲ್ಲದೆ ಯಾರೂ ಓದಿರಲಿಲ್ಲ, ಆರು ತಿಂಗಳ ನಂತರ ನನಗೂ ಅದು ಓದಲು ಬರುತ್ತಿರಲಿಲ್ಲ. ಹತ್ತು ಚಿಪ್‌ಗಳನ್ನು ಒಂದೇ ಕ್ರಮದಲ್ಲಿ ಅಳೆದು, ಹತ್ತರಲ್ಲಿ ಎಷ್ಟು ಸರಿ ಇವೆ ಎಂದು ನೋಡುವ ಶಿಸ್ತು ಕಲಿತದ್ದು ಅಲ್ಲಿಯೇ. ವಿಶ್ವವಿದ್ಯಾಲಯದಲ್ಲಿ ಒಂದು ಚಿಪ್ ಸರಿಯಾಗಿ ನಡೆದರೆ ಹಬ್ಬ ಮಾಡುತ್ತೇವೆ. ಉಳಿದ ಒಂಬತ್ತರ ಬಗ್ಗೆ ಮಾತನಾಡುವುದಿಲ್ಲ.

ಕೆಟ್ಟದ್ದು. ನಾನು ಮಾಡಿದ ಅತ್ಯುತ್ತಮ ಕೆಲಸ ಪ್ರಕಟವಾಗಲಿಲ್ಲ. ಪೇಟೆಂಟ್ ಅರ್ಜಿ ಹೋಗುವವರೆಗೆ ಕಾಯಿರಿ ಎಂದರು, ಅರ್ಜಿ ಹೋದ ಮೇಲೆ ಸ್ಪರ್ಧಿಗಳಿಗೆ ಗೊತ್ತಾಗುತ್ತದೆ ಎಂದರು, ಅಷ್ಟರಲ್ಲಿ ಯೋಜನೆಯ ದಿಕ್ಕೇ ಬದಲಾಯಿತು. ಮರಳಲು ಅರ್ಜಿ ಹಾಕಿದಾಗ ನನ್ನ ಪಟ್ಟಿಯಲ್ಲಿ ಮೂರು ವರ್ಷದ ಖಾಲಿ ಜಾಗ. ನನ್ನನ್ನು ಕಾಪಾಡಿದ್ದು ಹಳೆಯ ಸಹಲೇಖಕರೊಬ್ಬರು ನನ್ನ ಸಂಜೆಗಳನ್ನು ಕಸಿದುಕೊಂಡು ತಮ್ಮ ಜೊತೆ ಬರೆಸಿದ ಎರಡು ಪ್ರಬಂಧಗಳು. ಆದ್ದರಿಂದ ಸಹಿ ಹಾಕುವ ಮುನ್ನ ಬರವಣಿಗೆಯಲ್ಲಿ ಕೇಳಿ: ಏನನ್ನು ಪ್ರಕಟಿಸಬಹುದು, ಯಾರು ಒಪ್ಪಿಗೆ ಕೊಡುತ್ತಾರೆ, ಎಷ್ಟು ದಿನದಲ್ಲಿ. "ನಾವು ಪ್ರಕಟಣೆಯನ್ನು ಪ್ರೋತ್ಸಾಹಿಸುತ್ತೇವೆ" ಎಂಬ ಮಾತನ್ನು ನಂಬಬೇಡಿ. ಬಿಟ್ಟ ಮೇಲೆ ಎಷ್ಟು ಕಾಲ ಇದೇ ವಿಷಯದಲ್ಲಿ ಬೇರೆಡೆ ಕೆಲಸ ಮಾಡುವಂತಿಲ್ಲ ಎಂಬ ಷರತ್ತು ಇದೆಯೇ ಎಂದೂ ನೋಡಿ. ನನ್ನ ಜೊತೆಗಿದ್ದ ಒಬ್ಬರು ಅದನ್ನು ಓದದೆ ಸಹಿ ಹಾಕಿದ್ದರು.

ಎರಡೂ ಕಡೆ ಕಾಲಿಟ್ಟವರಲ್ಲಿ ದೊಡ್ಡ ಹೆಸರು ಜಾನ್ ಮಾರ್ಟಿನಿಸ್ ಅವರದು. ಸಾಂಟಾ ಬಾರ್ಬರಾದ ಪ್ರಾಧ್ಯಾಪಕರು 2014ರಲ್ಲಿ ತಮ್ಮ ಗುಂಪಿನೊಂದಿಗೆ ಗೂಗಲ್ ಸೇರಿದರು. 2019ರಲ್ಲಿ 53 ಕ್ಯೂಬಿಟ್‌ಗಳ ಸಿಕಮೋರ್ ಚಿಪ್ ಸುದ್ದಿಯಾಯಿತು. 2020ರಲ್ಲಿ ಗೂಗಲ್ ಬಿಟ್ಟು ಕೆಲಕಾಲ ಆಸ್ಟ್ರೇಲಿಯಾದಲ್ಲಿ ಸಿಲಿಕಾನ್ ಕ್ಯೂಬಿಟ್ ಕಂಪನಿಯೊಂದರ ಜೊತೆ, ಅಂದರೆ ನಿಮ್ಮ ಕಡೆಯವರ ಜೊತೆ, ಇದ್ದರು. 2025ರಲ್ಲಿ ನೊಬೆಲ್ ಬಂತು. ಯಾವುದಕ್ಕೆ? ಗೂಗಲ್‌ನಲ್ಲಿ ಮಾಡಿದ್ದಕ್ಕಲ್ಲ. ಬರ್ಕ್ಲಿಯಲ್ಲಿ 1984-85ರಲ್ಲಿ ಮಾಡಿದ ಪ್ರಯೋಗಕ್ಕೆ. ಆಗ ಜಾನ್ ಕ್ಲಾರ್ಕ್ ಪ್ರಾಧ್ಯಾಪಕರು, ಮಿಶೆಲ್ ಡೆವೊರೆ ಪೋಸ್ಟ್‌ಡಾಕ್, ಮಾರ್ಟಿನಿಸ್ ಪಿಎಚ್‌ಡಿ ವಿದ್ಯಾರ್ಥಿ. ಒಂದೇ ಬೆಂಚಿನ ಮೂರು ಮೆಟ್ಟಿಲಿನವರು ಒಂದೇ ಪದಕಕ್ಕೆ. ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯಲು ಫಿಲ್ಟರ್‌ಗಳ ಮೇಲೆ ಅವರು ಪಟ್ಟ ಪಾಡೇ ಆ ಪ್ರಯೋಗದ ಜೀವಾಳ. ಬುಗುರಿ ಅವರೇ, ಫಿಲ್ಟರ್ ಪೆಟ್ಟಿಗೆ ಕಟ್ಟಿದ್ದು ಎಂದು ಸಂಕೋಚದಿಂದ ಬರೆದಿದ್ದೀರಿ. ದಪ್ಪ ಅಕ್ಷರದಲ್ಲಿ ಬರೆಯಿರಿ.

ಜೊತೆಗಾರರಿಗೂ ಅದೇ ಊರಿನಲ್ಲಿ ಕೆಲಸ ಬೇಕಾದರೆ ಲೆಕ್ಕ ಬೇರೆಯಾಗುತ್ತದೆ. ನಾನು ಕಂಪನಿಗೆ ಹೋದ ನಿಜವಾದ ಕಾರಣ ಅದು. ಸಂದರ್ಶನದಲ್ಲಿ ಮಾತ್ರ "ಉದ್ಯಮದ ಸವಾಲು" ಎಂದಿದ್ದೆ.

ಸಂದೇಹಿ

ಎಲ್ಲರೂ ಯಾವ ಕೋಣೆಯಲ್ಲಿ ಮಲಗಬೇಕು ಎಂದು ಚರ್ಚಿಸುತ್ತಿದ್ದೀರಿ, ಮನೆ ನಿಲ್ಲುತ್ತದೆಯೇ ಎಂದು ಯಾರೂ ಕೇಳುತ್ತಿಲ್ಲ.

ಮಿಖಾಯಿಲ್ ಡ್ಯಾಕೊನೊವ್ ಹೊರಗಿನವರಲ್ಲ. ಸ್ಪಿನ್ ಭೌತವಿಜ್ಞಾನದ ತಳಪಾಯ ಹಾಕಿದವರಲ್ಲಿ ಒಬ್ಬರು. ಇಂದು ಸ್ಪಿನ್ ಹಾಲ್ ಪರಿಣಾಮ ಎಂದು ಕರೆಯುವುದನ್ನು (ವಿದ್ಯುತ್ ಹರಿಯುವಾಗ ಎದುರುಬದುರು ಸ್ಪಿನ್‌ನ ಎಲೆಕ್ಟ್ರಾನ್‌ಗಳು ಎದುರುಬದುರು ಅಂಚಿಗೆ ಸರಿಯುವುದು) 1971ರಲ್ಲೇ ಪೆರೆಲ್ ಜೊತೆ ಊಹಿಸಿದ್ದರು. ಅವರೇ 2018ರಲ್ಲಿ ಕ್ವಾಂಟಂ ಕಂಪ್ಯೂಟಿಂಗ್ ವಿರುದ್ಧ ಒಂದು ಲೇಖನ ಬರೆದರು. ವಾದ ಸರಳ: ಸಾವಿರ ಕ್ಯೂಬಿಟ್‌ಗಳ ಸ್ಥಿತಿಯನ್ನು ವಿವರಿಸಲು 2ರ ಸಾವಿರದ ಘಾತದಷ್ಟು ನಿರಂತರ ಸಂಖ್ಯೆಗಳು ಬೇಕು. ಕಾಣುವ ವಿಶ್ವದಲ್ಲಿ ಅಷ್ಟು ಕಣಗಳೇ ಇಲ್ಲ. ಇಷ್ಟನ್ನು ಯಾರು ಹತೋಟಿಯಲ್ಲಿಡುತ್ತಾರೆ?

ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಚಿಂತೆ ಬೇರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದದ್ದಲ್ಲದೆ, ಕುಲಾವಿ ಹೊಲಿಯುವವರಿಗೆಂದೇ ಹೊಸ ವಿಭಾಗಗಳನ್ನು ತೆರೆದಿದ್ದಾರೆ. ಪೋಸ್ಟ್‌ಡಾಕ್‌ಗಳೆಲ್ಲ ಯೋಜನೆಯ ಹಣದ ಮೇಲೆ ನಿಂತಿವೆ. ಯೋಜನೆಗೆ ಅಂತ್ಯದ ದಿನಾಂಕ ಇದೆ, ಸ್ಪಿನ್‌ಗೆ ಇಲ್ಲ. ಹಣದ ಹೊಳೆ ಬತ್ತಿದ ದಿನ ಮೂವತ್ತೈದು ದಾಟಿದ ಮೂರನೆಯ ಪೋಸ್ಟ್‌ಡಾಕ್‌ಗಳು ಎಲ್ಲಿ ಹೋಗಬೇಕು?

ಅಂದಹಾಗೆ, ಆ 1971ರ ಊಹೆ ಬಹುಕಾಲ ಹೆಚ್ಚಿನವರ ಗಮನಕ್ಕೆ ಬರದೆ ಬಿದ್ದಿತ್ತು. ಸ್ಪಿನ್ ಹಾಲ್ ಎಂಬ ಹೆಸರಿನಲ್ಲಿ ಅದು ಮತ್ತೆ ಎದ್ದದ್ದು 1999ರಲ್ಲಿ, ಹೋರ್ಹೆ ಹಿರ್ಶ್ ಅವರ ಪ್ರಬಂಧದಲ್ಲಿ. ಪ್ರಯೋಗದಲ್ಲಿ ಕಂಡದ್ದು 2004ರಲ್ಲಿ. ಅದೇ ಹಿರ್ಶ್ 2005ರಲ್ಲಿ ಎಚ್-ಸೂಚ್ಯಂಕವನ್ನು (ಪ್ರಬಂಧಗಳಿಗೆ ಬಂದ ಉಲ್ಲೇಖಗಳಿಂದ ವಿಜ್ಞಾನಿಯನ್ನು ಅಳೆಯುವ ಸಂಖ್ಯೆಯನ್ನು) ಕೊಟ್ಟರು. ಮೂವತ್ತಮೂರು ವರ್ಷ ಕಾಯಬೇಕಾದ ವಿಷಯವನ್ನು ಮೇಲೆತ್ತಿದವರೇ, ವಿಜ್ಞಾನಿಗಳನ್ನು ವರ್ಷವರ್ಷ ತೂಗುವ ತಕ್ಕಡಿಯನ್ನೂ ಕೊಟ್ಟರು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಹೀಲಿಯಂ ಮೂರು

ಡ್ಯಾಕೊನೊವ್ ಅವರ ಲೇಖನವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಓದಿಸುತ್ತೇನೆ, ಒಪ್ಪದೆಯೇ. ಆ ಸಂಖ್ಯೆಗಳನ್ನು ಒಂದೊಂದಾಗಿ ಹಿಡಿದಿಡಬೇಕಾಗಿಲ್ಲ. ದೋಷ ತಿದ್ದುವಿಕೆ ಇರುವುದೇ ಆ ಹೊರೆ ಇಳಿಸಲು. ಪ್ರತಿ ಗೇಟಿನ ದೋಷ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು. ಇಳಿಯುತ್ತದೆಯೇ ಎನ್ನುವುದು ಪ್ರಯೋಗದ ಪ್ರಶ್ನೆ, ಮೇಜಿನ ಮುಂದೆ ಕುಳಿತು ತೀರ್ಮಾನಿಸುವುದಲ್ಲ.

ಹಣದ ಬಗ್ಗೆ ನೀವು ಹೇಳಿದ್ದು ಮಾತ್ರ ನಿಜ. ನನ್ನಲ್ಲಿಗೆ ಬರುವವರಿಗೆ ಮೊದಲ ದಿನವೇ ಅನುದಾನ ಮುಗಿಯುವ ತಿಂಗಳನ್ನು ಹೇಳುತ್ತೇನೆ. ಬುಗುರಿ ಅವರೇ, ಆ ಪೋಸ್ಟ್‌ಡಾಕ್ ಗುಂಪಿಗೂ ಇದನ್ನೇ ಕೇಳಿ. ಎರಡು ವರ್ಷ ಎಂದರೆ ಒಂದು ಮತ್ತೊಂದೋ, ಅಥವಾ ನಿಜಕ್ಕೂ ಎರಡೋ? ಫ್ರಿಜ್‌ನಲ್ಲಿ ನಿಮ್ಮ ಪಾಲಿಗೆ ಎಷ್ಟು ವಾರ? ಅದು ತಣ್ಣಗಾಗಲಿಕ್ಕೇ ಒಂದೆರಡು ದಿನ ಬೇಕು, ಐದು ಜನ ಸರದಿಯಲ್ಲಿ ನಿಂತರೆ ನಿಮ್ಮ ಎರಡು ವರ್ಷ ಐದು ತಿಂಗಳಾಗುತ್ತದೆ.

ಹಳೆಯ ಅನುರಣನ

ನಿವೃತ್ತನಾಗಿದ್ದೇನೆ, ಸಮಯ ಬೇಕಾದಷ್ಟಿದೆ, ಆದ್ದರಿಂದ ಉದ್ದವಾಗಿ ಬರೆಯುತ್ತೇನೆ. ಇಡೀ ಜೀವನ ಎನ್‌ಎಂಆರ್ ಯಂತ್ರದ ಪಕ್ಕದಲ್ಲಿ ಕಳೆದವನು. ನಿಮ್ಮ ಕ್ಯೂಬಿಟ್‌ಗೆ ನಾವು ಸ್ಪಿನ್ ಎಂದಷ್ಟೇ ಕರೆಯುತ್ತಿದ್ದೆವು, ಅದಕ್ಕೆ ಯಾರೂ ಹಣ ಕೊಡುತ್ತಿರಲಿಲ್ಲ.

ಕಂಪನಿಗೆ ಹೋದವರು ಮರಳಿದ್ದುಂಟೇ ಎಂದು ಕೇಳಿದಿರಿ. ರಿಚರ್ಡ್ ಅರ್ನ್ಸ್ಟ್ ಜ್ಯೂರಿಕ್‌ನಲ್ಲಿ ಪಿಎಚ್‌ಡಿ ಮುಗಿಸಿದಾಗ ವಿಶ್ವವಿದ್ಯಾಲಯದ ಬದುಕು ಸಾಕು ಎನಿಸಿತ್ತು. 1963ರಲ್ಲಿ ಕ್ಯಾಲಿಫೋರ್ನಿಯಾದ ವೇರಿಯನ್ ಕಂಪನಿ ಸೇರಿದರು. ಆಗ ಎನ್‌ಎಂಆರ್ ರೋಹಿತವನ್ನು ಒಂದೊಂದೇ ಆವರ್ತನದಲ್ಲಿ ನಿಧಾನವಾಗಿ ಸವರುತ್ತ ಪಡೆಯುತ್ತಿದ್ದೆವು. ಅರ್ನ್ಸ್ಟ್ ಮತ್ತು ವೆಸ್ಟನ್ ಆಂಡರ್ಸನ್ ಇಬ್ಬರೂ ಒಂದೇ ಪಲ್ಸ್‌ನಿಂದ ಎಲ್ಲ ಸ್ಪಿನ್‌ಗಳನ್ನೂ ಒಟ್ಟಿಗೆ ಕೆದಕಿ, ಬರುವ ಸಂಕೇತವನ್ನು ಫೂರಿಯೆ ಪರಿವರ್ತನೆಯಿಂದ ಬಿಡಿಸುವ ದಾರಿ ಕಂಡುಕೊಂಡರು. ಆ ಪ್ರಬಂಧವನ್ನು ರಾಸಾಯನಿಕ ಭೌತವಿಜ್ಞಾನದ ದೊಡ್ಡ ಜರ್ನಲ್ ಎರಡು ಸಲ ತಿರಸ್ಕರಿಸಿತು. ಕೊನೆಗೆ 1966ರಲ್ಲಿ ಉಪಕರಣಗಳ ಜರ್ನಲ್‌ನಲ್ಲಿ ಬಂತು. 1968ರಲ್ಲಿ ಅವರು ಜ್ಯೂರಿಕ್‌ಗೆ ಮರಳಿದರು, 1991ರಲ್ಲಿ ಒಬ್ಬರಿಗೇ ರಸಾಯನವಿಜ್ಞಾನದ ನೊಬೆಲ್ ಬಂತು. ಗಮನಿಸಿ, ಅವರು ಕಂಪನಿಯಲ್ಲಿದ್ದಾಗ ಮಾಡಿದ್ದನ್ನು ಪ್ರಕಟಿಸಲು ಸಾಧ್ಯವಾಯಿತು. ಹೊರಬಾಗಿಲು ಅವರು ಹೇಳಿದ ಷರತ್ತಿನ ಬೆಲೆ ಅಲ್ಲಿದೆ.

ಇನ್ನು ಮಾರ್ಗದರ್ಶಕರ ಮಾತನ್ನು ಎಷ್ಟು ಕೇಳಬೇಕು ಎಂಬುದು. ಸ್ಪಿನ್ ಹುಟ್ಟಿದ್ದೇ ಈ ಪ್ರಶ್ನೆಯ ಜೊತೆ. 1925ರ ಆರಂಭದಲ್ಲಿ ಇಪ್ಪತ್ತರ ಹರೆಯದ ರಾಲ್ಫ್ ಕ್ರೋನಿಗ್‌ಗೆ ಎಲೆಕ್ಟ್ರಾನ್ ತನ್ನ ಸುತ್ತ ತಾನೇ ತಿರುಗುತ್ತಿರಬಹುದು ಎಂದು ಹೊಳೆಯಿತು. ಆಗಲೇ ಹೆಸರಾಗಿದ್ದ ಭೌತವಿಜ್ಞಾನಿ ವುಲ್ಫ್‌ಗಾಂಗ್ ಪೌಲಿಗೆ ಹೇಳಿದರು. ಪೌಲಿ, ಕಲ್ಪನೆ ಚತುರವಾಗಿದೆ, ಆದರೆ ಪ್ರಕೃತಿ ಹಾಗಿಲ್ಲ ಎಂಬರ್ಥದ ಮಾತು ಹೇಳಿ ತಳ್ಳಿಹಾಕಿದರು. ಕ್ರೋನಿಗ್ ಪ್ರಕಟಿಸಲಿಲ್ಲ. ಅದೇ ವರ್ಷ ಲೈಡನ್‌ನಲ್ಲಿ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್‌ಗೆ ಅದೇ ಹೊಳೆಯಿತು. ಅವರ ಗುರು ಎರೆನ್‌ಫೆಸ್ಟ್ ಬರೆದು ಕೊಡಿ ಎಂದರು. ಅಷ್ಟರಲ್ಲಿ ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್ ಲೆಕ್ಕ ಮಾಡಿ, ಹಾಗಾದರೆ ಎಲೆಕ್ಟ್ರಾನಿನ ಮೇಲ್ಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತದೆ ಎಂದು ತೋರಿಸಿದರು. ಹುಡುಗರು ಹೆದರಿ ಪ್ರಬಂಧ ಹಿಂಪಡೆಯಲು ಓಡಿದರೆ, ಎರೆನ್‌ಫೆಸ್ಟ್ ಆಗಲೇ ಕಳುಹಿಸಿಬಿಟ್ಟಿದ್ದರು. ನೀವಿಬ್ಬರೂ ಇನ್ನೂ ಚಿಕ್ಕವರು, ಒಂದು ಮೂರ್ಖತನ ಮಾಡಿದರೆ ನಡೆಯುತ್ತದೆ ಎಂದರಂತೆ. ಲೆಕ್ಕ ಅಳತೆಗಿಂತ ಎರಡು ಪಟ್ಟು ಬರುತ್ತಿದ್ದ ವ್ಯತ್ಯಾಸವನ್ನು 1926ರಲ್ಲಿ ಥಾಮಸ್ ಬಗೆಹರಿಸಿದರು.

ಕ್ರೋನಿಗ್ ಸೋತು ಹೋಗಲಿಲ್ಲ. ಮುಂದೆ ಡೆಲ್ಫ್ಟ್‌ನಲ್ಲಿ ಪ್ರಾಧ್ಯಾಪಕರಾಗಿ ಬಹುಕಾಲ ಇದ್ದರು. ಹೀಲಿಯಂ ಮೂರು ಅವರು ಹೇಳಿದ ಅದೇ ಡೆಲ್ಫ್ಟ್. ಅತ್ತ ಉಲೆನ್‌ಬೆಕ್‌ಗಾಗಲಿ ಗೌಡ್‌ಸ್ಮಿಟ್‌ಗಾಗಲಿ ನೊಬೆಲ್ ಬರಲಿಲ್ಲ.

ನನ್ನ ಕಾಲದಲ್ಲಿ ಬಾಯಿಪಾಠವಾಗಿದ್ದ ಇನ್ನೊಂದು ಕಥೆ ಓವರ್‌ಹೌಸರ್ ಅವರದು. 1953ರಲ್ಲಿ ಅವರು ಇಲಿನಾಯ್‌ನಲ್ಲಿ ಪೋಸ್ಟ್‌ಡಾಕ್. ಲೋಹದಲ್ಲಿ ಎಲೆಕ್ಟ್ರಾನ್ ಸ್ಪಿನ್‌ಗಳನ್ನು ಕಲಕಿದರೆ ನ್ಯೂಕ್ಲಿಯಸ್‌ಗಳ ಧ್ರುವೀಕರಣ ಸಾವಿರಾರು ಪಟ್ಟು ಏರುತ್ತದೆ ಎಂದರು. ಎದುರಿಗಿದ್ದವರು ಬ್ಲಾಕ್, ಪರ್ಸೆಲ್, ರಾಬಿ, ಎಲ್ಲ ನೊಬೆಲ್ ಪಡೆದವರು. ಯಾರೂ ನಂಬಲಿಲ್ಲ. ಅದೇ ಇಲಿನಾಯ್‌ನಲ್ಲಿ ಸ್ಲಿಕ್ಟರ್ ಮತ್ತು ಅವರ ವಿದ್ಯಾರ್ಥಿ ಕಾರ್ವರ್ ಲಿಥಿಯಂ ಮೇಲೆ ಅಳೆದು ತೋರಿಸಿದ ಮೇಲೆ ಎಲ್ಲರೂ ಒಪ್ಪಿದರು. ಅವರನ್ನು ಉಳಿಸಿದ್ದು ಪಕ್ಕದ ಕೋಣೆಯಲ್ಲಿ ಅಳೆಯಲು ತಯಾರಿದ್ದವರು ಇದ್ದದ್ದು. ಪೋಸ್ಟ್‌ಡಾಕ್ ಆರಿಸುವಾಗ ನಾನಾದರೆ ಪ್ರಾಧ್ಯಾಪಕರ ಹೆಸರಿಗಿಂತ ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಎಂದು ನೋಡುತ್ತಿದ್ದೆ.

ಎರಡನೇ ವರ್ಷ

ಓದುತ್ತ ಕುಳಿತರೆ ಎಲ್ಲರೂ ಕೊನೆಗೆ ನೊಬೆಲ್ ಪಡೆದಂತೆಯೇ ಕಾಣುತ್ತದೆ. ಪಡೆಯದೆ ಬದುಕಿದವರ ಕಥೆ ಯಾರಾದರೂ ಹೇಳಿ. ಮತ್ತೊಂದು ಅಳುಕು: ನಮ್ಮ ಗುಂಪಿನ ದತ್ತಾಂಶದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಆಯ್ಕೆ ಕಂಡಿದೆ. ಎರಡನೆಯ ವರ್ಷದಲ್ಲಿ ಬಾಯಿ ತೆರೆದರೆ ಮುಂದೆ ಪತ್ರ ಬರೆಯುವವರು ಯಾರು?

ಅಕಾರಾದಿ

ಪಡೆಯದವರು: ಸ್ಟೀಫನ್ ವೀಸ್ನರ್. ನಕಲು ಮಾಡಲಾಗದ ಕ್ವಾಂಟಂ ನೋಟಿನ ಕಲ್ಪನೆಯನ್ನು 1970ರ ಆಸುಪಾಸಿನಲ್ಲೇ ಬರೆದಿದ್ದರು. ತಿರಸ್ಕೃತವಾಯಿತು, ಪ್ರಕಟವಾದದ್ದು 1983ರಲ್ಲಿ. ಕ್ವಾಂಟಂ ಗುಪ್ತಲಿಪಿಯ ಬೇರು ಅದೇ. ಅವರು ಬದುಕಿನ ಬಹುಭಾಗ ವಿಶ್ವವಿದ್ಯಾಲಯದ ಹೊರಗೇ ಇದ್ದರು, ಕಟ್ಟಡ ಕೆಲಸವನ್ನೂ ಮಾಡಿದರು.

ದತ್ತಾಂಶದ ವಿಷಯ ಗಂಭೀರ. ಮಾಯೊರಾನಾ ಕಣದ (ತನಗೆ ತಾನೇ ಪ್ರತಿಕಣವಾಗಿರುವ ಕಣ) ಸಂಬಂಧ 2018ರಲ್ಲಿ ನೇಚರ್‌ನಲ್ಲಿ ಬಂದ ಡೆಲ್ಫ್ಟ್ ಗುಂಪಿನ ಪ್ರಬಂಧವನ್ನು 2021ರಲ್ಲಿ ಹಿಂಪಡೆಯಬೇಕಾಯಿತು. ಸಾಕಷ್ಟು ವೈಜ್ಞಾನಿಕ ಬಿಗಿ ಇರಲಿಲ್ಲ ಎಂದು ಲೇಖಕರೇ ಕ್ಷಮೆ ಕೇಳಿದರು. ಮೂಲ ದತ್ತಾಂಶ ಕೇಳಿ ಪ್ರಶ್ನೆ ಎತ್ತಿದ್ದವರು ಹಿಂದೆ ಅದೇ ಗುಂಪಿನಲ್ಲಿದ್ದವರು. ನೀವು ಆರೋಪದಿಂದ ಶುರು ಮಾಡಬೇಡಿ. "ಈ ಬಿಂದುಗಳನ್ನು ಏಕೆ ಬಿಟ್ಟೆವು ಎಂದು ನನಗೆ ಅರ್ಥವಾಗಲಿಲ್ಲ, ಪೂರ್ತಿ ಚಿತ್ರವನ್ನು ಅನುಬಂಧದಲ್ಲಿ ಹಾಕೋಣವೇ?" ಎಂದು ಕೇಳಿ. ಉತ್ತರ ಬರುವ ಧಾಟಿಯಲ್ಲೇ ಆ ಗುಂಪಿನಲ್ಲಿ ಇನ್ನು ಮೂರು ವರ್ಷ ಇರಬೇಕೋ ಬೇಡವೋ ಗೊತ್ತಾಗುತ್ತದೆ.

ಸಂದೇಹಿ

ಇದೊಂದನ್ನು ನಾನೂ ಒಪ್ಪುತ್ತೇನೆ. ನಾನು ಒಪ್ಪುವುದು ಅಪರೂಪ, ದಾಖಲೆಗೆ ಇರಲಿ.

ಬುಗುರಿ

ಎರಡು ವಾರ ಮೌನವಾಗಿದ್ದೆ, ಕ್ಷಮಿಸಿ. ನೀವೆಲ್ಲ ಹೇಳಿದ ಪ್ರಶ್ನೆಗಳನ್ನು ಎರಡೂ ಕಡೆ ಕಳುಹಿಸಿದೆ.

ಕಂಪನಿಯವರು ಮರ್ಯಾದೆಯಿಂದಲೇ ಉತ್ತರಿಸಿದರು. ಮಾಪನ ಎಲೆಕ್ಟ್ರಾನಿಕ್ಸ್ ಬಗ್ಗೆ ಏನನ್ನೂ ಪ್ರಕಟಿಸುವಂತಿಲ್ಲ, ಚಿಪ್‌ನ ಫಲಿತಾಂಶಗಳನ್ನು ಪ್ರಕಟಿಸುವಾಗ ಇಡೀ ತಂಡದ ಹೆಸರು ಬರುತ್ತದೆ ಎಂದರು. ನನ್ನ ಕೈಕೆಲಸವೆಲ್ಲ ಇರುವುದು ಎಲೆಕ್ಟ್ರಾನಿಕ್ಸ್‌ನಲ್ಲೇ. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಅವರ ಮೇಲೆ ಗೌರವ ಹೆಚ್ಚಾಯಿತು.

ಪೋಸ್ಟ್‌ಡಾಕ್ ಗುಂಪಿನಲ್ಲಿ ಫ್ರಿಜ್ ಎರಡು, ಜನ ಏಳು. ಅನುದಾನ ಇಪ್ಪತ್ತಾರು ತಿಂಗಳಿಗಿದೆ. ಕರೆ ಮಾಡಿ, ಆಗಲೇ ಹೊಂದಿಸಿಟ್ಟ ಸಾಧನ ನನಗೆ ಬೇಡ, ಹೊಸ ಫ್ರಿಜ್‌ನ ಓದುವ ಸರ್ಕ್ಯೂಟ್ ಕಟ್ಟುವ ಕೆಲಸ ಕೊಡುತ್ತೀರಾ ಎಂದು ಕೇಳಿದೆ. ಕ್ವಾಂಟಂ ಡಾಟ್‌ನವರಲ್ಲದ ಪಕ್ಕದ ಪ್ರಯೋಗಾಲಯದ ಬಗ್ಗೆಯೂ ವಿಚಾರಿಸಿದೆ. ಅಲ್ಲಿ ಅತಿವಾಹಕ ವರ್ಧಕ ಮಾಡುವವರು ಇದ್ದಾರಂತೆ, ಗೋಡೆಯಾಚೆ. ಪ್ರಾಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸರ್ಕ್ಯೂಟ್ ಕೆಲಸಕ್ಕೆ ಯಾರೂ ಕೈ ಎತ್ತಿರಲಿಲ್ಲ" ಎಂದರು. ಮೊದಲ ವರ್ಷ ಪ್ರಬಂಧ ಬರುವುದಿಲ್ಲ ಎಂದೂ ಎಚ್ಚರಿಸಿದರು. ಒಪ್ಪಿಕೊಂಡೆ. ನನ್ನ ಮಾರ್ಗದರ್ಶಕರಿಗೆ ಖುಷಿಯಾಗಿದೆ, ತಮ್ಮ ಮಾತು ಗೆದ್ದಿತು ಎಂದುಕೊಂಡಿದ್ದಾರೆ. ತಿದ್ದಲು ಹೋಗಿಲ್ಲ, ಅವರ ಪತ್ರ ಇನ್ನೂ ಬರಬೇಕು.

ಇಷ್ಟರಲ್ಲಿ ಹನ್ನೊಂದು ತಿಂಗಳು ಕುಳಿತಿದ್ದ ವಿಮರ್ಶೆ ಬಂತು. ಎರಡನೆಯ ವಿಮರ್ಶಕರಿಗೆ ಕಾಂತಕ್ಷೇತ್ರ ಬದಲಿಸಿ ಇನ್ನೊಂದು ಸರಣಿ ಅಳತೆ ಬೇಕಂತೆ. ಆ ಚಿಪ್ ಸತ್ತು ಅರ್ಧ ವರ್ಷವಾಯಿತು. ಅದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಒಂದೇ ಒಂದು ಚಿಪ್ ಪೆಟ್ಟಿಗೆಯಲ್ಲಿ ಉಳಿದಿದೆ. ನಾಳೆ ಬೆಳಿಗ್ಗೆ ತಂತಿ ಬೆಸೆದು ಒಳಗೆ ಇಳಿಸಬೇಕು.

ಹೀಲಿಯಂ ಮೂರು

ಅಭಿನಂದನೆ. ಕೆಲಸ ಆಮೇಲೆ ಮಾತನಾಡೋಣ. ನಾಳೆ ಪೆಟ್ಟಿಗೆ ತೆರೆಯುವ ಮುನ್ನ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಿ. ಇನ್ನೊಂದು ತುದಿಯನ್ನು ಅರ್ತ್‌ಗೆ ಸಿಕ್ಕಿಸಿದ್ದೀರಾ ಎಂದೂ ನೋಡಿಕೊಳ್ಳಿ. ನಾನು ಒಮ್ಮೆ ಪಟ್ಟಿಯನ್ನು ಮಾತ್ರ ಕಟ್ಟಿಕೊಂಡಿದ್ದೆ.